ಬಸ್‌ಸ್ಟ್ಯಾಂಡಿನ ಬೋರ್ಡಿನಲ್ಲಿ ನನ್ನ ಮುಖ

ನಾನು ಸತ್ತ ದಿನ ಬುಧವಾರ. ಬೆಳಿಗ್ಗೆ ಒಂದು ಬೋಗುಣಿ ಗಂಜಿ ಕುಡಿದು, ಅಂಗಳದಲ್ಲಿ ಕಾಲು ಚಾಚಿ ಕೂತು ಒಣಮೀನಿನ ತಲೆ ಮುರಿಯುತ್ತಿದ್ದೆ. ಸಾಯುವ ಲಕ್ಷಣ ಒಂದೂ ನನ್ನಲ್ಲಿರಲಿಲ್ಲ. ಮೊಣಕಾಲು ನೋಯುತ್ತಿತ್ತು, ಅಷ್ಟೇ. ಅದು ನನ್ನ ಮದುವೆ ದಿಬ್ಬಣದ ದಿನದಿಂದ ನೋಯುತ್ತಲೇ ಬಂದಿದೆ.

ಆದರೂ ಹೊನ್ನಾವರದಿಂದ ಭಟ್ಕಳದವರೆಗೆ ಅರ್ಧ ಜಿಲ್ಲೆಗೆ ನನ್ನ ಸಾವಿನ ಸುದ್ದಿ ಹೋಗಿತ್ತು. ನನಗೊಬ್ಬಳಿಗೆ ಯಾರೂ ಹೇಳಿರಲಿಲ್ಲ.

ಇದಕ್ಕೆಲ್ಲ ಕಾರಣ ಎಣ್ಣೆ. ಕೊಬ್ಬರಿ ಎಣ್ಣೆಯಲ್ಲ, ಲಾರಿಯ ಹೊಟ್ಟೆಯಿಂದ ತೆಗೆದು ಚೆಲ್ಲುತ್ತಾರಲ್ಲ, ಆ ಸುಟ್ಟ ಆಯಿಲ್.

ನಮ್ಮ ಮನೆ ಹೊನ್ನಾವರದಲ್ಲಿ ಹೊಳೆಯ ಅಂಚಿಗೇ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದಾಗ ನಾನೂ ನೆರೆಮನೆಯ ಕಮಲಿಯೂ ಬುಟ್ಟಿ ಹಿಡಿದು ಕೆಸರಿಗಿಳಿದು ಬಳಚು ಹೆಕ್ಕುತ್ತೇವೆ. ಬಳಚು ಎಂದರೆ ಕೆಸರಿನಲ್ಲಿ ಹೂತುಕೊಂಡಿರುವ ಚಿಪ್ಪು. ಬೇಯಿಸಿದರೆ ಬಾಯಿ ಬಿಡುತ್ತದೆ, ಒಳಗೆ ಬೆರಳಿನ ತುದಿಯಷ್ಟು ಮಾಂಸ. ಅದನ್ನು ಕಣ್ಣಿನಿಂದ ಹುಡುಕುವುದಲ್ಲ, ಕಾಲ್ಬೆರಳಿನಿಂದ ಹುಡುಕುವುದು. ನನ್ನ ಕಾಲ್ಬೆರಳುಗಳು ಎಷ್ಟು ಚುರುಕೆಂದರೆ ಪೇಪರು ಕೊಟ್ಟರೆ ಓದಿಯಾವು. ಎರಡನೇ ಇಯತ್ತೆಗೆ ಶಾಲೆ ಬಿಟ್ಟ ನನಗೇ ಅದು ಆಗುವುದಿಲ್ಲ. ಗಂಡ ತೀರಿಕೊಂಡ ಮೇಲೆ ನನ್ನ ಒಲೆ ಉರಿದದ್ದು ಈ ಬಳಚಿನಿಂದ. ಕಮಲಿಯ ಒಲೆಯೂ ಅಷ್ಟೇ.

ಪೇಟೆಯ ಗಟಾರ ಬಂದು ಸೇರುವುದೂ ಹೊಳೆಯ ಆ ಮೂಲೆಗೇ. ಹೆದ್ದಾರಿಯಲ್ಲಿ ಲಾರಿ ಹೆಚ್ಚಿದವು, ಅದರ ಹಿಂದೆಯೇ ಗ್ಯಾರೇಜು ಹೆಚ್ಚಿದವು. ಒಂದು ದಿನ ನೀರಿನ ಮೇಲೆ ನವಿಲಿನ ಕುತ್ತಿಗೆಯ ಬಣ್ಣ ತೇಲಿ ಬಂತು. ಚಂದ ಇದೆ ಎಂದು ನಾವೂ ನೋಡಿದೆವು. ಆಮೇಲೆ ಬಳಚಿನ ಸಾರು ಕುದಿಸಿದರೆ ಅಡುಗೆಮನೆಗೇ ಲಾರಿ ಬಂದು ನಿಂತ ವಾಸನೆ. ಹಾರ್ನ್ ಒಂದು ಕೇಳಲಿಲ್ಲ. ಕೆಸರಿನಲ್ಲಿ ಬೆರಳಿಗೆ ಸಿಗುವ ಬಳಚೆಲ್ಲ ಬಾಯಿ ತೆರೆದ ಖಾಲಿ ಚಿಪ್ಪು. ಕಮಲಿ, ಇನ್ನೊಂದು ಮಳೆಗಾಲ ಹೀಗೇ ಹೋದರೆ ಗಂಟುಮೂಟೆ ಕಟ್ಟಿ ಗೋವೆಯ ಮೀನಿನ ಕಾರ್ಖಾನೆಗೆ ಹೋಗುತ್ತೇನೆ ಎನ್ನತೊಡಗಿದಳು. ಅವಳಿಗೆ ಕಾಲಿದೆ, ಹೋದಾಳು. ಸೇತುವೆ ದಾಟಿ ಕಾಸರಕೋಡದ ಅಳಿವೆಯವರೆಗೆ ನಡೆದು ಬಳಚು ಹೆಕ್ಕಲು ನನ್ನ ಕಾಲು ಕೇಳುವುದಿಲ್ಲ. ಈ ಮೂಲೆ ಹೋದರೆ ನನ್ನ ಒಲೆ ಆರಿತು ಎಂದೇ ಲೆಕ್ಕ.

ಇಷ್ಟಕ್ಕೂ ಆ ಎಣ್ಣೆ ಯಾರದೆಂದು ನನಗೆ ಗೊತ್ತಿತ್ತು. ಗಟಾರದ ಬಾಯಿಗೇ ಗ್ಯಾರೇಜು ಹಾಕಿದವನು ಈರ, ನನ್ನ ಅಣ್ಣನ ಮಗ. ತಾಯಿ ಹೋದ ಮೇಲೆ ನನ್ನ ಮಡಿಲಲ್ಲೇ ಬೆಳೆದವನು. ಚಿಕ್ಕವನಿದ್ದಾಗ ನನ್ನ ಸೀರೆಯ ಸೆರಗು ಚೀಪದೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ನನ್ನ ಒಂದು ಸೀರೆಗೂ ಸೆರಗು ಉಳಿಯಲಿಲ್ಲ.

ನಾನು ಒಂದು ಬುಟ್ಟಿ ಖಾಲಿ ಚಿಪ್ಪು ಹೊತ್ತು ಅವನ ಗ್ಯಾರೇಜಿಗೆ ಹೋಗಿ ಹೇಳಿದೆ. ಅವನು ಲಾರಿಯ ಅಡಿಯಿಂದ ತಲೆ ಮಾತ್ರ ಹೊರಗೆ ಹಾಕಿದ. ಸಾಲಿನಲ್ಲಿರುವ ಎಲ್ಲ ಗ್ಯಾರೇಜಿನವರೂ ಗಟಾರಕ್ಕೇ ಬಿಡುತ್ತಾರೆ, ತಾನೊಬ್ಬ ನಿಲ್ಲಿಸಿದರೆ ಎಂತಾಗುತ್ತದೆ ಎಂದ. ಹೊಳೆ ಅಷ್ಟು ದೊಡ್ಡದಿದೆ, ತನ್ನ ಎಣ್ಣೆ ಒಂದು ಡಬ್ಬಿ ಎಂದ. ಕೊನೆಗೆ, "ಬಿಡೂದಿಲ್ಲ ಅಂದ್ರೆ ಎಂತ ಮಾಡೂದು ಅತ್ತೆ, ನಾ ಕುಡಿಯೂದಾ?" ಎಂದು ನಕ್ಕ. ಹುಡುಗರೂ ನಕ್ಕರು. ನಾನು ಚಿಪ್ಪನ್ನೆಲ್ಲ ಅವನ ಟೇಬಲ್ಲಿನ ಮೇಲೆ ಸುರಿದು ಬಂದೆ. ಅಂದಿನಿಂದ ಅವನು ಈ ಕಡೆ ಸುಳಿಯಲಿಲ್ಲ. ಚೌತಿಗೂ ಬರಲಿಲ್ಲ. ಅವನಿಗೆಂದು ಎತ್ತಿಟ್ಟ ಪಂಚಕಜ್ಜಾಯವನ್ನು ಇರುವೆಗಳು ತಿಂದವು. ಆ ಇರುವೆಗಳೂ ನನ್ನ ಜೊತೆ ಮಾತಾಡುತ್ತಿದ್ದವು, ಅವನು ಮಾತಾಡುತ್ತಿರಲಿಲ್ಲ.

ಆ ಹೊತ್ತಿಗೆ ಬಂದವಳು ಸುಶ್ಮಿತಾ. ಕುಮಟೆಯ ಹುಡುಗಿ. ಜಾಹೀರಾತು ಮಾಡುವುದನ್ನೇ ಶಾಲೆಯಲ್ಲಿ ಕಲಿತವಳಂತೆ. ಈಗಿನ ಕಾಲದಲ್ಲಿ ಅದಕ್ಕೂ ಶಾಲೆ ಇದೆ. ಪರಿಸರದವರ ಒಂದು ಗುಂಪಿನಲ್ಲಿದ್ದಳು. ಕ್ಯಾಮರಾ ಹೊತ್ತ ಜಗದೀಶ ಎಂಬ ಹುಡುಗನನ್ನೂ ಕರೆದುಕೊಂಡು ಬಂದಿದ್ದಳು. ಇಬ್ಬರೂ ನಮ್ಮ ಕೆಸರಿಗಿಳಿದು ಮೊಣಕಾಲಿನವರೆಗೆ ಕಪ್ಪಾದರು. ಜಗದೀಶನ ಒಂದು ಚಪ್ಪಲಿ ಇನ್ನೂ ನಮ್ಮ ಹೊಳೆಯಲ್ಲೇ ಇದೆ.

"ಸಾಬೂನಿಗೆ ಜಾಹೀರಾತಿದೆ, ಬೀಡಿಗಿದೆ. ಹೊಳೆಗೆ ಯಾಕೆ ಇರ್ಬಾರ್ದು ಅಜ್ಜಿ?" ಎಂದು ಅವಳು ಕೇಳಿದಳು.

ಮಾತು ನನಗೆ ಸರಿ ಕಂಡಿತು. ಎಣ್ಣೆ ಎಲ್ಲಿಂದ ಬರುತ್ತದೋ ಆ ಗ್ಯಾರೇಜಿನ ಫೋಟೊ ತೆಗೆದು ಬಸ್‌ಸ್ಟ್ಯಾಂಡಿನ ಎದುರು ದೊಡ್ಡ ಬೋರ್ಡಿಗೆ ಹಾಕಿದರೆ ಕೆಲಸ ಬೇಗ ಆಗುತ್ತದೆ ಎಂದಳು. ಕಮಲಿ ಬಾಯಿ ತೆರೆದಳು. ನಾನು ಅವಳ ಕಾಲು ತುಳಿದೆ.

"ಗಟಾರಕ್ಕೆ ಅಪ್ಪನ ಹೆಸರು ಇರೂದಿಲ್ಲ ತಂಗಿ," ಎಂದೆ. "ಬೇಕಾದ್ರೆ ನನ್ನ ಫೋಟೊ ತೆಗಿ. ನಾ ಎಲ್ಲಿಗೂ ಓಡಿ ಹೋಗೂದಿಲ್ಲ."

ಆಮೇಲೆ ಕಮಲಿ ಎರಡು ದಿನ ನನ್ನ ಮೇಲೆ ಮುಖ ಊದಿಸಿದ್ದಳು. ಹೊಳೆ ಹೋದರೂ ಚಿಂತಿಲ್ಲ, ಅಳಿಯನ ಹೆಸರು ಉಳಿಯಬೇಕು ನಿನಗೆ ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಊರಿನ ನಡುವೆ ಬೋರ್ಡು ಹಾಕಿ ಅವನ ಮರ್ಯಾದೆ ತೆಗೆಯಲು ನನ್ನಿಂದ ಆಗಲಿಲ್ಲ.

ಫೋಟೊಗೆಂದು ನಾನು ಇಡಗುಂಜಿಗೆ ಹೋಗುವಾಗ ಉಡುವ ಒಳ್ಳೆಯ ಸೀರೆ ಉಟ್ಟು ಬಂದೆ. ಅದು ಬೇಡ, ಕೆಸರಿನ ಸೀರೆಯೇ ಇರಲಿ ಎಂದರು. ನಕ್ಕೆ; ನಗಬಾರದು ಎಂದರು. ನನಗಿರುವ ನಾಲ್ಕು ಹಲ್ಲನ್ನು ಜಗತ್ತಿಗೆ ತೋರಿಸುವ ಒಂದೇ ಅವಕಾಶ ಹೋಯಿತು. ಎಣ್ಣೆ ಮೆತ್ತಿದ ಕೈಯನ್ನು ಕೆನ್ನೆಗೆ ಹಿಡಿದು ಹೊಳೆಯ ಕಡೆ ನೋಡಬೇಕು ಎಂದರು. ನೋಡಿದೆ. ನೋಡುತ್ತಾ ನೋಡುತ್ತಾ ನನಗೆ ಈರ ನೆನಪಾದ. ಆಗ ಜಗದೀಶ, ಹಾ, ಈಗ ಸರಿ ಬಂತು ಎಂದು ಕ್ಯಾಮರಾ ಒತ್ತಿದ.

ಬೋರ್ಡು ಮಂಗಳವಾರ ಸಂಜೆ ಬಸ್‌ಸ್ಟ್ಯಾಂಡಿನ ಎದುರು ಏರಿತು. ನಾನು ಆಮೇಲೆ ನೋಡಿದ್ದು. ಮನೆಯ ಗೋಡೆಯಷ್ಟು ದೊಡ್ಡ ಮುಖ. ನನ್ನ ಒಂದೊಂದು ಸುಕ್ಕಿನೊಳಗೆ ಒಂದು ದೋಣಿ ಬಿಡಬಹುದು. ಬಣ್ಣವಿಲ್ಲ, ಬರೀ ಕಪ್ಪು ಬಿಳುಪು. ಸುತ್ತ ನಾಲ್ಕೂ ಕಡೆ ದಪ್ಪ ಕಪ್ಪು ಅಂಚು. ಅದು ಇಳಿಯುತ್ತಿರುವ ಎಣ್ಣೆ ಎಂದು ಸುಶ್ಮಿತಾ ಬರೆಸಿದ್ದು. ಕೆಳಗೆ ನನ್ನ ಹೆಸರು ದೊಡ್ಡದಾಗಿ, ಗಣಪಿ ಎಂದು. ಅದರಡಿ ಸಣ್ಣ ಅಕ್ಷರದಲ್ಲಿ, ಗಟಾರಕ್ಕೆ ಬಿಟ್ಟ ಎಣ್ಣೆ ಈ ಅಜ್ಜಿಯ ಅನ್ನ ಕಸಿಯುತ್ತಿದೆ ಎಂದು.

ಅವಳಿಗೆ ಒಂದು ವಿಷಯ ಹೊಳೆಯಲಿಲ್ಲ. ನಮ್ಮ ಊರಿನಲ್ಲಿ ಮುದುಕಿಯ ಮುಖವನ್ನು ಕಪ್ಪು ಅಂಚು ಹಾಕಿ ಬಸ್‌ಸ್ಟ್ಯಾಂಡಿನಲ್ಲಿ ಏರಿಸುವುದು ಅವಳು ಸತ್ತಾಗ ಮಾತ್ರ. ಅದೇ ಕಂಬಕ್ಕೆ ಹಿಂದಿನ ವಾರ ಒಬ್ಬ ಹೋಟೆಲು ಯಜಮಾನರ ಶ್ರದ್ಧಾಂಜಲಿ ಕಟ್ಟಿದ್ದರು. ಅವರನ್ನು ಇಳಿಸಿ ನನ್ನನ್ನು ಏರಿಸಿದ್ದರು. ಬಸ್ಸಿನ ಕಿಟಕಿಯಿಂದ ನೋಡಿದವರು ಸಣ್ಣ ಅಕ್ಷರ ಓದುತ್ತಾರೆಯೇ? ಮುಖ ಕಂಡಿತು, ಕಪ್ಪು ಕಂಡಿತು, ಹೆಸರು ಕಂಡಿತು. ಕೈ ಮುಗಿದರು, ಮುಂದೆ ಹೋದರು.

ಹಾಗೆ ಕೈ ಮುಗಿಯದೆ ಕೆಳಗಿಳಿದವಳು ನನ್ನ ತಂಗಿ ಮಂಗಲಾ. ಅವಳನ್ನು ಭಟ್ಕಳದ ಹತ್ತಿರ ಜಾಲಿಗೆ ಕೊಟ್ಟದ್ದು. ಕುಮಟೆಗೆ ಯಾರದೋ ನಾಮಕರಣಕ್ಕೆ ಹೊರಟವಳು, ಹೊನ್ನಾವರದಲ್ಲಿ ಬಸ್ಸು ನಿಂತಾಗ ನನ್ನನ್ನು ನೋಡಿದಳು. ಸಾವಿನ ಸುದ್ದಿ ಕೇಳಿದ ಮೇಲೆ ಮೈ ತೊಳೆಯಬೇಕಲ್ಲ. ಬಸ್‌ಸ್ಟ್ಯಾಂಡಿನ ನಲ್ಲಿಯ ಅಡಿ ರೇಷ್ಮೆ ಸೀರೆಯ ಸಮೇತ ಕೂತು ತಲೆಗೆ ನೀರು ಹೊಯ್ದುಕೊಂಡಳು. ಹಾಗೇ ಸೋರುತ್ತಾ ರಿಕ್ಷಾ ಹತ್ತಿದಳು.

ನಾನು ಒಣಮೀನು ಮುರಿಯುತ್ತಾ ಕೂತಿದ್ದೆನಲ್ಲ, ದೂರದಿಂದ ಅಳು ಕೇಳಿತು. ಮಂಗಲಾ ಅತ್ತರೆ ಹಾಡಿ ಅಳುವವಳು. ಕಾಸರಕೋಡದ ದೋಣಿಗಳು ತಿರುಗಿ ದಡಕ್ಕೆ ಬರಬೇಕು, ಅಂಥ ಗಂಟಲು. ನನ್ನ ಅಕ್ಕ ಬಂಗಾರದಂಥವಳು, ನನ್ನ ಅಕ್ಕ ಒಬ್ಬರಿಗೆ ಒಂದು ಕೆಟ್ಟ ಮಾತು ಆಡಿದವಳಲ್ಲ, ನನ್ನ ಅಕ್ಕನ ಕೈಯ ಮೀನುಸಾರು ದೇವರಿಗೂ ಸಿಗಲಿಕ್ಕಿಲ್ಲ ಎಂದು ಹಾಡುತ್ತಾ ಬಂದಳು. ಯಾರಪ್ಪಾ ಇಷ್ಟು ಒಳ್ಳೆಯ ಅಕ್ಕ ಸತ್ತದ್ದು ಎಂದು ನನಗೇ ಕಣ್ಣಲ್ಲಿ ನೀರು ಬಂತು.

ಬೇಲಿ ದಾಟಿದ ಮೇಲೆ ಅವಳ ಹಾಡು ನಿಂತಿತು. ಬಾಯಿ ಹಾಗೇ ತೆರೆದಿತ್ತು.

"ಮುಂದೆ ಹೇಳೆ," ಎಂದೆ. "ಬದ್ಕಿದ್ದಾಗ ಒಂದು ದಿನ ಹೇಳ್ಲಿಲ್ಲ ನೀನು."

ಅವಳು ನನ್ನ ಕೆನ್ನೆ ಮುಟ್ಟಿದಳು, ಕೈ ಮುಟ್ಟಿದಳು, ಆಮೇಲೆ ಬೆನ್ನಿಗೆ ಒಂದು ಗುದ್ದಿದಳು. ಸಾಯದೇ ಇದ್ದದ್ದಕ್ಕೆ ಪೆಟ್ಟು ತಿಂದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಕಮಲಿ ಓಡಿ ಬಂದಳು. ಬೋರ್ಡಿನ ವಿಷಯ ಕೇಳಿ, ಸುಳ್ಳು ಸಾವಿನ ಸುದ್ದಿ ಹುಟ್ಟಿದರೆ ಆಯಸ್ಸು ಹೆಚ್ಚುತ್ತದೆ, ಇನ್ನು ಇಪ್ಪತ್ತು ವರ್ಷ ಇವಳನ್ನು ಸಹಿಸಬೇಕು ಎಂದಳು. ಮಂಗಲಾಗೆ ನನ್ನ ಒಂದು ಹಳೆಯ ಸೀರೆ ಉಡಿಸಿದೆವು. ರೇಷ್ಮೆ ಸೀರೆ ಬೇಲಿಯ ಮೇಲೆ ಒಣಗಿತು. ಮೂವರೂ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಆಗ ಇನ್ನೊಂದು ರಿಕ್ಷಾ ಬಂತು. ಇಳಿದವನ ಗುರುತು ಮೊದಲಿಗೆ ಸಿಗಲಿಲ್ಲ. ತಲೆ ಬೋಳು. ಮೀಸೆ ಇಲ್ಲ. ಕೈಯಲ್ಲಿ ಒಂದು ಬಿಳಿ ಪಂಚೆ, ಒಂದು ತೆಂಗಿನಕಾಯಿ.

ಈರ.

ಅವನು ಲಾರಿಯ ಸಾಮಾನು ತರಲು ಹುಬ್ಬಳ್ಳಿಗೆ ಹೋಗಿದ್ದನಂತೆ. ಬಸ್ಸಿಳಿದಾಗ ಎದುರಿಗೆ ನಾನು. ರಿಕ್ಷಾದವರನ್ನು ಕೇಳಿದರೆ, ಹೌದು ಮಾರಾಯ, ನಿನ್ನ ಜಾಲಿಯ ಅತ್ತೆ ಈಗಷ್ಟೇ ಅಳುತ್ತಾ ಹೋದಳು ಎಂದರು. ಬೋರ್ಡು ಆಗಲೇ ಏರಿದೆ ಎಂದರೆ ದಹನ ಮುಗಿದೇ ಹೋಗಿದೆ ಎಂದುಕೊಂಡ. ನನಗೆ ಮಕ್ಕಳಿಲ್ಲ. ಕೊಳ್ಳಿ ಇಡಬೇಕಾದವನು ತಾನೇ ಇರಲಿಲ್ಲ ಎಂದು ಅವನಿಗೆ ಜೀವ ಹಿಂಡಿತು. ಅಲ್ಲೇ ಪಕ್ಕದ ಸಲೂನಿಗೆ ಹೊಕ್ಕು ತಲೆ ಕೊಟ್ಟುಬಿಟ್ಟ. ಇದೆಲ್ಲ ಅವನು ಆಮೇಲೆ ಹೇಳಿದ್ದು.

ಅಂಗಳಕ್ಕೆ ಬಂದವನು ತಲೆ ಎತ್ತಲೇ ಇಲ್ಲ. ಮೊದಲು ಕಂಡ ಮಂಗಲಾಳ ಕಾಲಿನ ಹತ್ತಿರ ಕುಸಿದು ಕೂತ. ಅವಳು ನನ್ನ ಸೀರೆ ಉಟ್ಟದ್ದನ್ನು ನೋಡಿ ಅವನ ಅಳು ಇನ್ನೂ ಜೋರಾಯಿತು.

"ಸಣ್ಣತ್ತೆ, ನಾನೇ ಕೊಂದದ್ದು," ಎಂದ. "ಅತ್ತೆ ಬುಟ್ಟಿ ಹೊತ್ಕಂಡು ನನ್ನ ಬಾಗ್ಲಿಗೆ ಬಂದಿದ್ಲು. ನಾ ನಗಾಡ್ದೆ. ಹುಡುಗ್ರ ಎದ್ರಿಗೆ ನಗಾಡ್ದೆ. ನನ್ನ ಆಯಿಲ್ಲೇ ಅವಳ ಜೀವ ತಿಂತು."

ಮಂಗಲಾ ಬಾಯಿಗೆ ಸೆರಗು ತುರುಕಿಕೊಂಡಳು. ಕಮಲಿ ಬಾಗಿಲ ಹಿಂದೆ ಹೋದಳು. ನನಗೆ ನೂರು ತಮಾಷೆಯ ಮಾತು ನಾಲಿಗೆಯ ತುದಿಗೆ ಬಂದಿದ್ದವು. ಆದರೆ ಆ ಬೋಳು ತಲೆ ಅಳುವಾಗ ನಡುಗುತ್ತಿತ್ತು. ಚಿಕ್ಕವನಿದ್ದಾಗ ಹುಣ್ಣು ಎಂದು ನಾನೇ ತಲೆ ಬೋಳಿಸಿದ್ದೆ, ಆಗಲೂ ಹೀಗೇ ಕಾಣುತ್ತಿದ್ದ. ಹಿಂದಿನಿಂದ ಹೋಗಿ ಆ ತಲೆಯ ಮೇಲೆ ಕೈಯಿಟ್ಟೆ.

"ತಮಾ, ಒಳ್ಳೆ ಹೊಳೀತದೆ," ಎಂದೆ. "ಇದಕ್ಕೂ ಆಯಿಲ್ ಹಚ್ಚಿದ್ಯಾ?"

ಅವನು ತಿರುಗಿದ. ಮುಖ ಸುಣ್ಣ. ಒಂದು ಗಳಿಗೆ ನನ್ನನ್ನು ದೆವ್ವ ಎಂದೇ ನೋಡಿದ. ಆಮೇಲೆ ನನ್ನ ಸೊಂಟ ಹಿಡಿದು, ಸೆರಗಿಗೆ ಮುಖ ಒತ್ತಿ ಅತ್ತ. ಚೀಪುತ್ತಾನೋ ಎಂದು ಹೆದರಿದೆ. ಇದ್ದದ್ದರಲ್ಲಿ ಗಟ್ಟಿ ಸೀರೆ ಅದು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಕಮಲಿ ಅನ್ನ ಮಾಡಿದಳು. ಈರ ಸಂಕೋಚದಿಂದ ಗೋಡೆಗೆ ಒರಗಿ ಕೂತಿದ್ದ. ಇನ್ನು ಮುಂದೆ ಎಣ್ಣೆ ಕಡಿಮೆ ಮಾಡುತ್ತೇನೆ ಎಂದ. ಕಡಿಮೆ ಎಂದರೆ ಎಷ್ಟು ಎಂದು ನಾನು ಕೇಳಿದೆ. ನೋಡುವಾ ಎಂದ. ಬದುಕಿರುವ ಅತ್ತೆಗೆ ನೋಡುವಾ ಎಂದರೆ ಸಾಕು, ಸತ್ತ ಅತ್ತೆಗಾದರೆ ಸಾಲುತ್ತಿರಲಿಲ್ಲ. ಅದು ನನಗೆ ಅರ್ಥವಾಯಿತು. ಬಾಳೆಲೆಯ ತುದಿ ಹರಿದು, ಅದರ ಮೇಲೆ ಒಂದು ಹಿಡಿ ಅನ್ನವಿಟ್ಟು, ಅಂಗಳದ ನಡುವೆ ಇಟ್ಟು ಬಂದೆ.

ನಮ್ಮಲ್ಲಿ ಸತ್ತವರ ಹತ್ತನೇ ದಿನ ಕಾಗೆಗೆ ಹೀಗೆ ಅನ್ನ ಇಡುತ್ತಾರೆ. ಸತ್ತವರ ಮನಸ್ಸಿನಲ್ಲಿ ಏನಾದರೂ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ. ಆಗ ಮನೆಯವರು ಕೈ ಮುಗಿದು, ಇಂಥದ್ದು ಮಾಡುತ್ತೇವೆ ಎಂದು ಬಾಯಿಬಿಟ್ಟು ಹೇಳಬೇಕು. ಆಸೆಯ ಮಾತು ಸರಿಯಾಗಿ ಸಿಕ್ಕಿದರೆ ಕಾಗೆ ಇಳಿಯುತ್ತದೆ.

"ಬದ್ಕಿದ್ದವಳು ಕಾಗೆಗೆ ಇಡೂದಾ? ನಿಂಗೆ ತಲೆ ಕೆಟ್ಟೋಗಿದ್ಯಾ ಅಕ್ಕ?" ಎಂದು ಮಂಗಲಾ ಬೈದಳು.

"ಅವ ತಲೆ ಬೋಳ್ಸಿ ಆತಲ್ಲೆ. ವಾಪಸ್ ಅಂಟ್ಸೂಕೆ ಆಗೂದಿಲ್ಲ. ಅರ್ಧಕ್ಕೆ ಬಿಡೂದು ಒಳ್ಳೇದಲ್ಲ," ಎಂದೆ. "ಹೇಳು ತಮಾ. ಅತ್ತೆಗೆ ಎಂತ ಆಸೆ ಇತ್ತು?"

ತೆಂಗಿನ ಮರದ ಮೇಲೆ ಒಂದು ಕಾಗೆ ಕೂತಿತ್ತು. ಈರ ಮೊದಲು ನಕ್ಕ. ಆದರೆ ಕಾಗೆಯನ್ನು ನೋಡಿದ ಮೇಲೆ ಅವನ ನಗು ನಿಂತಿತು. ಇಂಜಿನ್ ಬಿಚ್ಚಿ ಜೋಡಿಸುವವನಾದರೂ ಅವನು ನಮ್ಮ ಮನೆಯ ಹುಡುಗ. ಕಾಗೆಗೆ ಹೆದರದೆ ಇರುವುದಿಲ್ಲ. ಎದ್ದು ಕೈ ಮುಗಿದ. ಅರ್ಧ ಕಡಿಮೆ ಮಾಡುತ್ತೇನೆ ಎಂದ. ಕಾಗೆ ಕತ್ತು ಕೊಂಕಿಸಿತು, ಇಳಿಯಲಿಲ್ಲ. ಈ ಮಳೆಗಾಲ ಕಳೆದ ಮೇಲೆ ಬೇರೆ ಏನಾದರೂ ಏರ್ಪಾಡು ಮಾಡುತ್ತೇನೆ ಎಂದ. ಕಾಗೆ ಬೆನ್ನು ತಿರುಗಿಸಿ ಕೂತಿತು. ಮಂಗಲಾ ಕೂಡ ಈಗ ಬೈಯುವುದು ಬಿಟ್ಟು ಮರದ ಕಡೆಗೇ ನೋಡುತ್ತಿದ್ದಳು.

ಈರ ಬೋಳು ತಲೆ ಕೆರೆದುಕೊಂಡ. ಗ್ಯಾರೇಜಿನಲ್ಲಿ ಜಾಗ ಎಲ್ಲಿದೆ, ಬೇರೆಯವರು ನಕ್ಕರೆ ಏನು ಮಾಡುವುದು ಎಂದೆಲ್ಲ ಒಳಗೇ ತೂಗುತ್ತಿದ್ದ. ಅದು ಅವನ ಹಣೆಯಲ್ಲಿ ಕಾಣುತ್ತಿತ್ತು. ಕೂದಲಿಲ್ಲದ ಹಣೆ, ಕುತ್ತಿಗೆಯವರೆಗೂ ಹಣೆಯೇ.

"ನನ್ನ ಗ್ಯಾರೇಜಿಂದ ಒಂದು ಹನಿನೂ ಗಟಾರಕ್ಕೆ ಬಿಡೂದಿಲ್ಲ ಅತ್ತೆ," ಎಂದ ಕೊನೆಗೆ. ಧ್ವನಿ ಸಣ್ಣದಾಗಿತ್ತು. "ಡ್ರಮ್ಮಲ್ಲಿ ತುಂಬ್ಸಿಡ್ತೆ. ಇವತ್ತಿಂದನೇ."

ಕಾಗೆ ಇಳಿಯಿತು. ಅನ್ನ ಮುಟ್ಟಿತು. ಒಂದಲ್ಲ, ಅದರ ಹಿಂದೆ ಊರಿನ ಕಾಗೆಗಳೆಲ್ಲ ಬಂದು ಅಂಗಳ ಕಪ್ಪಾಯಿತು. ಮಂಗಲಾ ಗಲ್ಲ ಗಲ್ಲ ಬಡಿದುಕೊಂಡು ಕೈ ಮುಗಿದಳು. ಈರನ ಕಣ್ಣು ತುಂಬಿ ಬಂತು.

ಅಷ್ಟು ಹೊತ್ತೂ ಎಲೆಯ ಪಕ್ಕದ ಒರಳ ಹಿಂದೆ ಕಮಲಿಯ ಬೆಕ್ಕು ಹೊಂಚು ಹಾಕಿ ಕೂತಿತ್ತು. ಅವನು ಹನಿಯ ಮಾತು ಹೇಳುವ ಹೊತ್ತಿಗೆ ಅದು ಬೇಸತ್ತು ಎದ್ದು ಹೋದದ್ದು ನನ್ನ ಕಣ್ಣಿಗೆ ಮಾತ್ರ ಬಿತ್ತು. ಅದನ್ನು ಯಾರಿಗೆ ಹೇಳಿ ಏನಾಗಬೇಕಿದೆ?

ಈರ ಮಾತು ಉಳಿಸಿಕೊಂಡ. ಉಳಿಸಿಕೊಳ್ಳದೆ ಬೇರೆ ದಾರಿಯೂ ಇರಲಿಲ್ಲ. ಬೋಳು ತಲೆ ಹೊತ್ತು ಹೆದ್ದಾರಿಯಲ್ಲಿ ಕೂತರೆ ಬಂದವರೆಲ್ಲ ಯಾರು ಹೋದದ್ದು ಎಂದು ಕೇಳುತ್ತಾರೆ. ಅತ್ತೆ ಎನ್ನಬೇಕು, ಅವಳು ಹೋಗಲಿಲ್ಲ ಎನ್ನಬೇಕು, ಮತ್ತೆ ತಲೆ ಯಾಕೆ ಎಂದರೆ ಎಣ್ಣೆಯ ಕತೆ ಹೇಳಬೇಕು. ಲಾರಿಯ ಡ್ರೈವರುಗಳು ಈ ಕತೆಯನ್ನು ಮಂಗಳೂರಿಂದ ಬೊಂಬಾಯಿಯವರೆಗೆ ಒಯ್ದರು. ಪಕ್ಕದ ಗ್ಯಾರೇಜಿನ ನಾಗ ಮೊದಲು ನಕ್ಕ, ಆಮೇಲೆ ತನ್ನ ಎಣ್ಣೆಯನ್ನೂ ಈರನ ಡ್ರಮ್ಮಿಗೇ ಸುರಿಯತೊಡಗಿದ. ಹಳೆಯ ಆಯಿಲ್ ಕೊಳ್ಳುವವರ ಗಾಡಿ ಬಂದು ಒಯ್ಯುತ್ತದೆ. ಎಲ್ಲರೂ ನಿಲ್ಲಿಸಲಿಲ್ಲ. ತುದಿಯ ಗ್ಯಾರೇಜಿನವನು ಈಗಲೂ ಗಟಾರಕ್ಕೇ ಬಿಡುತ್ತಾನೆ.

ಸುಶ್ಮಿತಾ ಸುದ್ದಿ ಕೇಳಿ ಅಳುಮುಖ ಮಾಡಿಕೊಂಡು ಓಡಿ ಬಂದಳು. ತಪ್ಪಾಯಿತು ಅಜ್ಜಿ, ಬೋರ್ಡು ಇಳಿಸುತ್ತೇವೆ, ನಗುವ ಫೋಟೊ ಹಾಕುತ್ತೇವೆ ಎಂದಳು. ನಾನು ಬಿಡಲಿಲ್ಲ. ನಕ್ಕರೆ ಯಾರೂ ರಿಕ್ಷಾ ಮಾಡಿಕೊಂಡು ಬರುವುದಿಲ್ಲ ಎಂದೆ. ಜಗದೀಶನ ಇನ್ನೊಂದು ಚಪ್ಪಲಿ ತಂದುಕೊಟ್ಟರೆ ಜೊತೆಯಾಗುತ್ತದೆ, ನಾನೇ ಹಾಕಿಕೊಳ್ಳುತ್ತೇನೆ ಎಂದೆ. ಅವಳಿಗೆ ನಗು ಬಂತು.

ಮಳೆಗಾಲ ಮುಗಿದು ಹೊಳೆ ತಿಳಿಯಾದ ಮೇಲೆ ಕಮಲಿಯೂ ನಾನೂ ಕೆಸರಿಗಿಳಿದೆವು. ಗೋವೆಗೆ ಹೋಗುವ ಗಂಟು ಅವಳು ಕಟ್ಟಿಯೇ ಇಟ್ಟಿದ್ದಳು. ಬುಟ್ಟಿ ತುಂಬಲಿಲ್ಲ. ಆದರೆ ಬೆರಳಿಗೆ ಬಾಯಿ ಮುಚ್ಚಿದ ಬಳಚು ಸಿಕ್ಕವು, ಜೀವ ಇದ್ದವು. ಕಮಲಿ ಮನೆಗೆ ಹೋಗಿ ಗಂಟು ಬಿಚ್ಚಿದಳು. ಒಳಗಿದ್ದದ್ದು ಎರಡು ಸೀರೆ ಮತ್ತು ನನ್ನ ಒಂದು ಸೌಟು.

ಆ ಸಂಜೆ ಈರನನ್ನು ಊಟಕ್ಕೆ ಕರೆದೆ. ಅವನ ಕೂದಲು ಬೆರಳುದ್ದ ಬಂದಿತ್ತು. ಬಳಚಿನ ಸಾರು ಬಡಿಸಿ ಎದುರಿಗೇ ಕೂತೆ. ಅವನು ಮೊದಲ ತುತ್ತು ಬಾಯಿಗಿಟ್ಟು ನಿಧಾನ ಅಗಿದ.

"ವಾಸ್ನೆ ಉಂಟಾ?" ಎಂದು ಕೇಳಿದೆ.

"ಉಂಟು ಅತ್ತೆ," ಎಂದ. "ಲಾರಿಯಷ್ಟಿಲ್ಲ. ಸ್ಕೂಟರಿನಷ್ಟು ಉಂಟು."

ಹಾಗೆಂದವನು ಬಟ್ಟಲು ಮತ್ತೆ ಮುಂದೆ ಚಾಚಿದ. ಅದು ತುದಿಯ ಗ್ಯಾರೇಜಿನವನ ಎಣ್ಣೆ, ತಾನು ಹೇಳಿ ನೋಡಿದೆ, ನಾಗನೂ ಹೇಳಿದ, ಆದರೂ ಅವನು ಕೇಳುವುದಿಲ್ಲ ಎಂದ ಈರ. ನಾನು ಅವನಿಗೆ ಇನ್ನೊಂದು ಸೌಟು ಸಾರು ಹಾಕಿದೆ.

"ಅವನಿಗೆ ಅತ್ತೆ ಇದ್ದಾಳಾ ಕೇಳು," ಎಂದೆ. "ಇದ್ರೆ ಒಂದು ಫೋಟೊ ತೆಗ್ಸುವಾ."